ಆರೋಪಿಯ ಪಕ್ಕದಲ್ಲಿ ನಿಂತ ಬಾಬಾಸಾಹೇಬರು



*ಇಂದಿನ ಧಮ್ಮ ಚಿಂತನೆ*



ಬಾಬಾಸಾಹೇಬರ ಜೀವನವನ್ನು ನಾವು ಎಷ್ಟೋ ಸಲ ಹೇಳಿಕೊಂಡಿದ್ದೇವೆ. ಮಹಾಡದ ಕೆರೆ, ದುಂಡುಮೇಜಿನ ಪರಿಷತ್ತು, ಪುಣೆ ಒಪ್ಪಂದ, ಸಂವಿಧಾನ, ನಾಗಪುರದ ದೀಕ್ಷೆ, ಇವೆಲ್ಲ ನಮ್ಮ ಮಕ್ಕಳಿಗೂ ಬಾಯಿಪಾಠ. ಇಂದು ಅದೇ ಜೀವನವನ್ನು ಇನ್ನೊಂದು ಕಡೆಯಿಂದ ನೋಡೋಣ. ಪೊಲೀಸರು ಹಿಡಿದುಕೊಂಡು ಹೋದ ಮನುಷ್ಯನಿಗಾಗಿ ಬಾಬಾಸಾಹೇಬರು ಏನು ಮಾಡಿದರು? ನಾವು ಜಯಂತಿಯ ಭಾಷಣಗಳಲ್ಲಿ ಇದನ್ನು ಹೆಚ್ಚು ಹೇಳುವುದಿಲ್ಲ. ಆದರೆ ನಮ್ಮ ಓಣಿಗೆ ದಿನನಿತ್ಯ ಬೇಕಾಗುವ ವಿಷಯ ಇದೇ.

ಮೊದಲು ಒಂದು ಶಬ್ದದ ಮಾತು. ಕನ್ನಡ ಪಾಠ ಹೇಳುವ ನನಗೆ ಶಬ್ದದ ಮೇಲೆ ಕಣ್ಣು ಜಾಸ್ತಿ. ಆರೋಪ ಎಂದರೆ ಮೇಲೆ ಹೊರಿಸಿದ್ದು. ಆರೋಪಿ ಎಂದರೆ ಯಾರ ಮೇಲೆ ಹೊರಿಸಲಾಗಿದೆಯೋ ಅವನು. ಅಪರಾಧಿ ಎಂದರೆ ವಿಚಾರಣೆ ನಡೆದು, ಸಾಕ್ಷಿ ನೋಡಿ, ತಪ್ಪು ಮಾಡಿದ್ದಾನೆ ಎಂದು ನ್ಯಾಯಾಲಯ ಹೇಳಿದವನು. ಇವೆರಡರ ನಡುವೆ ಒಂದು ದೊಡ್ಡ ಹೊಳೆಯೇ ಇದೆ. ನಮ್ಮ ಕಡೆಯ ಮಾತಿನಲ್ಲಿ ಮಾತ್ರ ಇಬ್ಬರಿಗೂ ಒಂದೇ ಹೆಸರು, ಗುನ್ಹೇಗಾರ. ಠಾಣೆಯ ಮೆಟ್ಟಿಲು ಹತ್ತಿದ ಕೂಡಲೇ ಊರಿನ ಬಾಯಲ್ಲಿ ಅವನು ಗುನ್ಹೇಗಾರ. ಈ ಹೊಳೆಯನ್ನು ಯಾರೂ ಸುಮ್ಮನೆ ಹಾರದಂತೆ ದಂಡೆ ಕಟ್ಟಿದವರಲ್ಲಿ ಬಾಬಾಸಾಹೇಬರೂ ಒಬ್ಬರು.

*ವಕೀಲರಾದ ಬಾಬಾಸಾಹೇಬರು*

1891ರ ಏಪ್ರಿಲ್ 14ರಂದು ಮಹೂ ದಂಡುಪ್ರದೇಶದಲ್ಲಿ ಹುಟ್ಟಿದ ಭೀಮರಾವ್, ಕೊಲಂಬಿಯಾ ಮತ್ತು ಲಂಡನ್ನಿನಲ್ಲಿ ಅರ್ಥಶಾಸ್ತ್ರ ಓದಿದರು, ಜೊತೆಗೆ ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರ್ ಆದರು. 1923ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಶುರುಮಾಡಿದರು. ಅಷ್ಟು ದೊಡ್ಡ ಪದವಿಗಳಿದ್ದರೂ ಕೇಸು ಸುಲಭವಾಗಿ ಬರಲಿಲ್ಲ. ಬ್ಯಾರಿಸ್ಟರಿಗೆ ಕೇಸು ತಲುಪಿಸಬೇಕಾದ ಸಾಲಿಸಿಟರುಗಳು ಅಸ್ಪೃಶ್ಯ ವಕೀಲನಿಂದ ದೂರವೇ ಉಳಿದರು. ಹಾಗಾಗಿ ಅವರ ಬಳಿ ಬಂದವರು ಹೆಚ್ಚಾಗಿ ಬಡವರು, ಕಾರ್ಮಿಕರು, ಬೇರೆ ವಕೀಲರು ಕೈಹಿಡಿಯದ ಜನ.

1926ರಲ್ಲಿ ಪುಣೆಯಲ್ಲಿ ಒಂದು ಮೊಕದ್ದಮೆ ನಡೆಯಿತು. ಕೇಶವರಾವ್ ಜೇಧೆ, ದಿನಕರರಾವ್ ಜವಳಕರ್ ಮೊದಲಾದ ಬ್ರಾಹ್ಮಣೇತರ ಮುಖಂಡರು ತಂದ ಒಂದು ಪುಸ್ತಕದ ಮೇಲೆ ಮಾನಹಾನಿಯ ದೂರು ಬಿತ್ತು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು. ಅಪೀಲಿನಲ್ಲಿ ಬಾಬಾಸಾಹೇಬರು ಆರೋಪಿಗಳ ಪರ ನಿಂತು ಬಿಡುಗಡೆ ಮಾಡಿಸಿದರು. ಬಡವರ ವಕೀಲರೆಂಬ ಅವರ ಹೆಸರು ಹರಡಿದ್ದರಲ್ಲಿ ಈ ಗೆಲುವಿನ ಪಾಲೂ ಇದೆ.

1934ರಲ್ಲಿ ರ. ಧೋ. ಕರ್ವೆ ಅವರ ಪರವಾಗಿ ವಾದಿಸಿದರು. ಕರ್ವೆ ಹುಟ್ಟಿನಿಂದ ಬ್ರಾಹ್ಮಣರು, ಸಂತಾನ ನಿಯಂತ್ರಣ ಮತ್ತು ಲೈಂಗಿಕ ಆರೋಗ್ಯದ ಬಗ್ಗೆ ಸಮಾಜಸ್ವಾಸ್ಥ್ಯ ಎಂಬ ಪತ್ರಿಕೆ ನಡೆಸುತ್ತಿದ್ದರು. ಅಶ್ಲೀಲ ಬರಹವೆಂದು ಅವರ ಮೇಲೆ ಕೇಸು ಹಾಕಿದ್ದರು. ಅವರ ಪರ ನಿಂತರೆ ಲಾಭವೇನೂ ಇರಲಿಲ್ಲ, ಇದ್ದ ಹೆಸರೂ ಕೆಡಬಹುದಿತ್ತು. ಬಾಬಾಸಾಹೇಬರು ನಿಂತರು, ವಾದಿಸಿದರು, ಸೋತರು. ಕರ್ವೆಗೆ ದಂಡ ಬಿತ್ತು. ಎಲ್ಲರೂ ಬೈಯುತ್ತಿರುವ ಆರೋಪಿಗೂ ಒಬ್ಬ ಒಳ್ಳೆಯ ವಕೀಲ ಸಿಗಬೇಕು ಎಂಬುದನ್ನು ಅವರು ಭಾಷಣದಲ್ಲಿ ಹೇಳುವ ಮೊದಲೇ ಕರಿ ಕೋಟು ಹಾಕಿಕೊಂಡು ಮಾಡಿ ತೋರಿಸಿದ್ದರು.

*ಪ್ರತಿವಾದಿಯಾದ ಬಾಬಾಸಾಹೇಬರು*

1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ ಮೇಲೆ ಏನಾಯಿತೆಂದು ನಮಗೆ ಗೊತ್ತು. ಊಟಕ್ಕೆ ಕುಳಿತವರ ಮೇಲೆ, ಊರಿಗೆ ಹೊರಟವರ ಮೇಲೆ ದೊಣ್ಣೆ ಬಿದ್ದವು. ಅಂದು ನಮ್ಮವರಲ್ಲಿ ಸೈನ್ಯದಿಂದ ನಿವೃತ್ತರಾದವರು ಬಹಳ ಮಂದಿ ಇದ್ದರು. ತಿರುಗಿ ಹೊಡೆಯುವ ಶಕ್ತಿಯೂ ಇತ್ತು, ಸಿಟ್ಟೂ ಇತ್ತು. ಬಾಬಾಸಾಹೇಬರು ತಡೆದರು. ಹಲ್ಲೆ ಮಾಡಿದವರನ್ನು ಕೋರ್ಟಿನ ಮುಂದೆ ನಿಲ್ಲಿಸುವ ದಾರಿ ಹಿಡಿದರು. ಅವರಲ್ಲಿ ಕೆಲವರಿಗೆ ಶಿಕ್ಷೆಯೂ ಆಯಿತು.

ಅದೇ ವರ್ಷ ಡಿಸೆಂಬರಿನಲ್ಲಿ ಕೆರೆ ತಮ್ಮದೆಂದು ಸವರ್ಣೀಯರು ದಾವೆ ಹೂಡಿದಾಗ ಬಾಬಾಸಾಹೇಬರೇ ಪ್ರತಿವಾದಿ. ಸತ್ಯಾಗ್ರಹಕ್ಕೆ ಸಾವಿರಾರು ಜನ ಹೆಸರು ಬರೆಸಿ ಬಂದು ಕೂತಿದ್ದರು. ಅಷ್ಟರಲ್ಲಿ ಕೋರ್ಟಿನ ತಡೆಯಾಜ್ಞೆ ಬಂತು. ಆಜ್ಞೆ ಮುರಿದು ಕೆರೆಗೆ ಇಳಿಯಬಹುದಿತ್ತು. ಅವರು ಸತ್ಯಾಗ್ರಹ ಮುಂದೂಡಿ ಕೋರ್ಟಿನಲ್ಲೇ ಹೋರಾಡಿದರು. ಹೈಕೋರ್ಟಿನ ಅಂತಿಮ ತೀರ್ಪು ನಮ್ಮ ಪರ ಬಂದದ್ದು 1937ರ ಮಾರ್ಚಿನಲ್ಲಿ. ನೀರು ಮುಟ್ಟಿದ ದಿನದಿಂದ ಲೆಕ್ಕ ಹಾಕಿದರೆ ಹತ್ತು ವರ್ಷ!

ಆ ಡಿಸೆಂಬರಿನ 25ರಂದೇ ಅಲ್ಲಿ ಮನುಸ್ಮೃತಿಯನ್ನು ಸುಟ್ಟರು. ಯಾಕೆ ಸುಟ್ಟರೆಂದು ಮಕ್ಕಳು ಕೇಳಿದರೆ ನಾನು ಒಂದು ಸರಳ ಕಾರಣ ಹೇಳುತ್ತೇನೆ. ಒಂದೇ ತಪ್ಪಿಗೆ ಹುಟ್ಟು ನೋಡಿ ಬೇರೆ ಬೇರೆ ಶಿಕ್ಷೆ ಹೇಳುವ ಗ್ರಂಥ ಅದು. ಅಲ್ಲಿ ಏನು ಮಾಡಿದ ಎಂಬುದಕ್ಕಿಂತ ಯಾರು ಮಾಡಿದ ಎಂಬ ಪ್ರಶ್ನೆ ಮೊದಲು ಬರುತ್ತದೆ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ ಸಂವಿಧಾನದ 14ನೇ ವಿಧಿ ಆ ಬೆಂಕಿಯ ಇನ್ನೊಂದು ಮುಖ.

*ಹುಟ್ಟಿನಿಂದಲೇ ಆರೋಪಿಗಳು*

ಮನುವಿನ ಆ ಲೆಕ್ಕ ಬ್ರಿಟಿಷರ ಕಾನೂನಿನಲ್ಲೂ ಇಣುಕಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಸಮುದಾಯಗಳನ್ನು ಇಡಿಯಾಗಿ ಅಪರಾಧಿಗಳೆಂದು ಬರೆದಿಟ್ಟಿತು. ಆ ಜಾತಿಯಲ್ಲಿ ಹುಟ್ಟಿದರೆ ಸಾಕು. ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಊರು ಬಿಡಲು ಪಾಸು ಬೇಕು. ನಮ್ಮ ಕರ್ನಾಟಕದಲ್ಲೇ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅಂಥವರನ್ನು ಬೇಲಿಯೊಳಗೆ ಇಟ್ಟ ವಸತಿಗಳಿದ್ದವು. ಹುಬ್ಬಳ್ಳಿಯಲ್ಲಿ ಇಂದಿಗೂ ಆ ಜಾಗಕ್ಕೆ ಸೆಟ್ಲ್‌ಮೆಂಟ್ ಎಂದೇ ಹೆಸರು.

ಮುಂಬಯಿ ಸರ್ಕಾರ 1928ರಲ್ಲಿ ಶೋಷಿತ ವರ್ಗ ಮತ್ತು ಆದಿವಾಸಿಗಳ ಸ್ಥಿತಿ ನೋಡಲು ಸ್ಟಾರ್ಟೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಅದರಲ್ಲಿ ಬಾಬಾಸಾಹೇಬರು ಸದಸ್ಯರಾಗಿದ್ದರು. ಸಮಿತಿ 1930ರಲ್ಲಿ ವರದಿ ಕೊಟ್ಟಿತು. ಜನ್ಮದಿಂದ ಅಪರಾಧಿ ಎನ್ನುವ ಆ ಕಾಯ್ದೆ ಕೊನೆಗೂ ರದ್ದಾದದ್ದು 1952ರಲ್ಲಿ, ಅಂದರೆ ಸಂವಿಧಾನ ಬಂದ ಮೇಲೆ. ಇಂದು ಆ ಸಮುದಾಯಗಳನ್ನು ವಿಮುಕ್ತರು ಎನ್ನುತ್ತೇವೆ. ಆದರೂ ಊರಲ್ಲಿ ಕಳವಾದರೆ ಮೊದಲು ಯಾರ ಗುಡಿಸಲು ತಡಕುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ.

*ಸಂವಿಧಾನ ಸಭೆಯ ಜಗ್ಗಾಟ*

1947ರಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ ಬಾಬಾಸಾಹೇಬರು ತಮ್ಮದೇ ಒಂದು ಕರಡು ಸಿದ್ಧ ಮಾಡಿದ್ದರು. ನ್ಯಾಯಬದ್ಧವಾದ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಸರ್ಕಾರ ಕಸಿಯಕೂಡದು ಎಂಬ ಅಮೆರಿಕದ ತತ್ವ ಅದರಲ್ಲಿತ್ತು. ಅದೇ ವರ್ಷ ಆಗಸ್ಟ್ 29ರಂದು ಕರಡು ಸಮಿತಿ ನೇಮಕವಾಯಿತು, ಅವರೇ ಅಧ್ಯಕ್ಷರಾದರು.

ಆದರೆ ಸಮಿತಿಯ ಕರಡಿನಲ್ಲಿ ಆ ಮಾತು ಉಳಿಯಲಿಲ್ಲ. ಸಂವಿಧಾನ ಸಲಹೆಗಾರ ಬಿ. ಎನ್. ರಾವ್ ಅಮೆರಿಕದಲ್ಲಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಬಂದಿದ್ದರು. ಆ ತತ್ವವಿದ್ದರೆ ಚುನಾಯಿತ ಶಾಸನಸಭೆ ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕಬಹುದು ಎಂಬ ಭಯವಿತ್ತು. ಅದರ ಬದಲು, ಕಾನೂನು ಗೊತ್ತುಮಾಡಿದ ಕ್ರಮದಂತೆ ಎಂಬ ಶಬ್ದಗಳು ಬಂದವು. ಕೇಳಲು ಎರಡೂ ಒಂದೇ ತರಹ. ಆದರೆ ಎರಡನೆಯದರಲ್ಲಿ ಶಾಸನಸಭೆ ಯಾವ ಕ್ರಮ ಗೊತ್ತುಮಾಡಿದರೂ, ಅದು ಅನ್ಯಾಯದ್ದೇ ಆಗಿದ್ದರೂ, ನಡೆದೀತು.

1948ರ ಡಿಸೆಂಬರಿನಲ್ಲಿ ಸಭೆಯಲ್ಲಿ ಜೋರು ಚರ್ಚೆಯಾಯಿತು. ಶಾಸನಸಭೆಯನ್ನು ಪೂರ್ತಿ ನಂಬುವುದೂ ಕಷ್ಟ, ಕೆಲವು ನ್ಯಾಯಾಧೀಶರ ಕೈಗೆ ಎಲ್ಲ ಬಿಡುವುದೂ ಕಷ್ಟ ಎಂದು ಬಾಬಾಸಾಹೇಬರು ಎರಡೂ ಕಡೆ ತೂಗಿ ತೋರಿಸಿ, ತೀರ್ಮಾನವನ್ನು ಸಭೆಗೆ ಬಿಟ್ಟರು. ಸಭೆ ಕರಡಿನ ಶಬ್ದಗಳನ್ನೇ ಉಳಿಸಿತು. ಅದೇ ಇಂದಿನ 21ನೇ ವಿಧಿ.

ಹೊರಗೆ ಜನರಿಂದ ಭಾರೀ ಟೀಕೆ ಬಂತು. ಬಾಬಾಸಾಹೇಬರು ಅದನ್ನು ಕೇಳಿಸಿಕೊಂಡು ಸುಮ್ಮನಾಗಲಿಲ್ಲ. 1949ರ ಸೆಪ್ಟೆಂಬರ್ 15ರಂದು 15-ಎ ಎಂಬ ಹೊಸ ವಿಧಿಯನ್ನು ಸಭೆಯ ಮುಂದಿಟ್ಟರು. ಹಿಂದಿನ ವಿಧಿಯಲ್ಲಿ ಕಳೆದುಕೊಂಡದ್ದನ್ನು ಇದರಿಂದ ತುಂಬಿಕೊಡುವುದು ಅವರ ಉದ್ದೇಶ. ಅದೇ ಇಂದಿನ 22ನೇ ವಿಧಿ. ಅದರಲ್ಲಿ ಮೂರು ಮಾತು. ಹಿಡಿದವನಿಗೆ ಯಾಕೆ ಹಿಡಿದೆವು ಎಂದು ತಿಳಿಸಬೇಕು. ತನ್ನ ಇಷ್ಟದ ವಕೀಲನ ಸಲಹೆ ಪಡೆಯಲು, ಅವನಿಂದ ವಾದ ಮಾಡಿಸಲು ಬಿಡಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಅವರ ಅಪ್ಪಣೆ ಇಲ್ಲದೆ ಅದಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳಕೂಡದು.

ಇವು ಬ್ರಿಟಿಷರ ಕಾಲದ ದಂಡ ಪ್ರಕ್ರಿಯೆ ಸಂಹಿತೆಯಲ್ಲಿ ಮೊದಲೇ ಇದ್ದವಲ್ಲ ಎಂದು ಯಾರಾದರೂ ಕೇಳಬಹುದು. ಬಾಬಾಸಾಹೇಬರೇ ಅದನ್ನು ಒಪ್ಪಿ ಉತ್ತರ ಕೊಟ್ಟಿದ್ದರು. ಸಾಮಾನ್ಯ ಕಾಯ್ದೆಯಲ್ಲಿ ಇದ್ದದ್ದನ್ನು ಶಾಸನಸಭೆ ಒಂದು ಮಧ್ಯಾಹ್ನದಲ್ಲಿ ಅಳಿಸಬಹುದು. ಸಂವಿಧಾನದಲ್ಲಿ ಬರೆದರೆ ಸಂಸತ್ತೂ ವಿಧಾನಸಭೆಯೂ ಹಾಗೆ ಸುಲಭವಾಗಿ ಕೈಹಾಕಲಾಗದು.

ಇದರ ಜೊತೆಗೆ 20ನೇ ವಿಧಿ ಇದೆ. ಮಾಡಿದ ದಿನ ತಪ್ಪಲ್ಲದ ಕೆಲಸಕ್ಕೆ ಆಮೇಲೆ ಕಾನೂನು ಮಾಡಿ ಶಿಕ್ಷಿಸುವಂತಿಲ್ಲ. ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆ ಇಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡುವಂತಿಲ್ಲ. ಇವೆಲ್ಲ ಮುರಿದರೆ ನೇರ ಸುಪ್ರೀಂ ಕೋರ್ಟಿಗೆ ಹೋಗಲು 32ನೇ ವಿಧಿ. ಅದನ್ನು ಬಾಬಾಸಾಹೇಬರು ಸಂವಿಧಾನದ ಹೃದಯವೆಂದೂ ಆತ್ಮವೆಂದೂ ಕರೆದಿದ್ದರು.

ಒಂದು ಕಹಿ ಸಂಗತಿಯನ್ನೂ ಹೇಳಬೇಕು. ವಿಚಾರಣೆ ಇಲ್ಲದೆ ಮುಂಜಾಗ್ರತೆಗಾಗಿ ಬಂಧಿಸಿಡುವ ಅಧಿಕಾರವೂ ಅದೇ 22ನೇ ವಿಧಿಯಲ್ಲಿದೆ. ಮೂರು ತಿಂಗಳ ಮಿತಿ, ಸಲಹಾ ಮಂಡಳಿಯ ಪರಿಶೀಲನೆ ಮುಂತಾದ ಕಡಿವಾಣಗಳನ್ನು ಬಾಬಾಸಾಹೇಬರು ಹಾಕಿದರು, ದೇಶದ ಅಂದಿನ ಪರಿಸ್ಥಿತಿಯ ಕಾರಣ ಕೊಟ್ಟು ಸಮರ್ಥಿಸಿದರು. ಆದರೂ ಸದಸ್ಯರು ಬಿಡಲಿಲ್ಲ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡಿದ್ದ ಮಹಾವೀರ ತ್ಯಾಗಿಯವರು, ಕರಡು ಸಮಿತಿಯವರಿಗೂ ಮೊದಲು ಜೈಲುವಾಸದ ಅನುಭವ ಆಗಬೇಕಿತ್ತು ಎಂದು ಚುಚ್ಚಿದರು. ಬಾಬಾಸಾಹೇಬರನ್ನು ಗೌರವಿಸುವ ನಾವು ಇದನ್ನು ಮುಚ್ಚಿಡಬೇಕಾಗಿಲ್ಲ. ಪ್ರಶ್ನಿಸದೆ ನಂಬಬೇಡಿ ಎಂದು ಕಲಿಸಿದ ಗುರುವಿನ ಶಿಷ್ಯರು ನಾವು.

*ನಮ್ಮ ಹೈದರಾಬಾದ್ ಸಂಸ್ಥಾನದ ಒಂದು ಕೇಸು*

ಬರೆದ ಅಕ್ಷರಕ್ಕೆ ಎಷ್ಟು ಬೆಲೆ ಎಂಬುದಕ್ಕೆ ನಮ್ಮದೇ ಹಳೆಯ ಸಂಸ್ಥಾನದಲ್ಲಿ ಉದಾಹರಣೆ ಇದೆ. ಆಗ ಬೀದರ ಹೈದರಾಬಾದಿನಲ್ಲಿತ್ತು. ತೆಲಂಗಾಣದ ರೈತ ಹೋರಾಟದಲ್ಲಿ ಹಿಡಿದ ಕೆಲವರಿಗೆ 1949ರಲ್ಲಿ ವಿಶೇಷ ನ್ಯಾಯಮಂಡಳಿ ಗಲ್ಲುಶಿಕ್ಷೆ ಕೊಟ್ಟಿತು, ಹೈದರಾಬಾದ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ತಮಗೆ ವಕೀಲರೇ ಸಿಗಲಿಲ್ಲ ಎಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. ಜನಾರ್ದನ ರೆಡ್ಡಿ ಪ್ರಕರಣವೆಂದು ಅದು ಪ್ರಸಿದ್ಧ. 1951ರಲ್ಲಿ ಕೋರ್ಟು ಕೈಚೆಲ್ಲಿತು. ಆ ತೀರ್ಪುಗಳು 1950ರ ಜನವರಿ 26ಕ್ಕೆ ಮೊದಲೇ ಮುಗಿದಿದ್ದವು, ಸಂವಿಧಾನದ ರಕ್ಷಣೆ ಹಿಂದಕ್ಕೆ ಚಾಚುವುದಿಲ್ಲ ಎಂದಿತು. ಆ ಜನವರಿ 26ರ ಈಚೆಗೆ ಬದುಕುತ್ತಿರುವ ನಾವು ಎಂಥ ನೆರಳಿನಲ್ಲಿ ಇದ್ದೇವೆ, ನೋಡಿ.

ಆ ನೆರಳು ಮುಂದೆ ಇನ್ನೂ ಹರಡಿತು. 1976ರಲ್ಲಿ ಉಚಿತ ಕಾನೂನು ನೆರವಿನ 39-ಎ ವಿಧಿ ಸೇರಿತು. 1978ರ ಮನೇಕಾ ಗಾಂಧಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕಾನೂನು ಗೊತ್ತುಮಾಡಿದ ಕ್ರಮವೂ ನ್ಯಾಯವಾಗಿ, ಯುಕ್ತವಾಗಿ ಇರಬೇಕು ಎಂದಿತು. ಬಾಬಾಸಾಹೇಬರ 1947ರ ಕರಡಿನ ತತ್ವ ಹೀಗೆ ಸುತ್ತುಬಳಸಿ ಮನೆಗೆ ಬಂತು. 1996ರ ಡಿ. ಕೆ. ಬಸು ತೀರ್ಪು, ಬಂಧಿಸುವಾಗ ಕಾಗದ ಬರೆದು ಸಾಕ್ಷಿಯ ಸಹಿ ಪಡೆಯಬೇಕು, ಮನೆಯವರಿಗೆ ತಿಳಿಸಬೇಕು ಎಂದು ಕಟ್ಟುಮಾಡಿತು. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ 24 ಗಂಟೆಯ ನಿಯಮ ಮುಂದುವರಿದಿದೆ.

*ತಥಾಗತರ ಮೇಲೂ ಆರೋಪ ಬಂದಿತ್ತು*

ಬಾಬಾಸಾಹೇಬರು ಕೊನೆಯ ದಿನಗಳಲ್ಲಿ ಬರೆದ ಬುದ್ಧ ಮತ್ತು ಆತನ ಧಮ್ಮ ಗ್ರಂಥದಲ್ಲಿ ಸುಂದರಿಯ ಪ್ರಸಂಗ ಬರುತ್ತದೆ. ಭಗವಾನರ ಹೆಸರು ಕೆಡಿಸಬೇಕೆಂದು ಎದುರಾಳಿ ಪಂಥದ ಕೆಲವರು ಸುಂದರಿ ಎಂಬ ಹೆಣ್ಣುಮಗಳನ್ನು ಕೊಲ್ಲಿಸಿ, ಶವವನ್ನು ಜೇತವನದ ಬಳಿ ಹಾಕಿಸಿದರು. ಕೊಲೆಯ ಆರೋಪ ಬುದ್ಧರ ಮೇಲೆ ಬಂತು. ಊರು ನಂಬಿತು. ಆದರೆ ಅಧಿಕಾರಿಗಳು ಊರಿನ ಮಾತು ಕೇಳಿ ತೀರ್ಪು ಕೊಡಲಿಲ್ಲ, ತನಿಖೆ ಮಾಡಿದರು. ಹೆಂಡದಂಗಡಿಯಲ್ಲಿ ಕೊಲೆಗಾರರು ಹಣದ ವಿಷಯಕ್ಕೆ ತಮ್ಮತಮ್ಮಲ್ಲೇ ಜಗಳ ತೆಗೆದು ಸಿಕ್ಕಿಬಿದ್ದರು. ಆರೋಪ ಬಂದ ದಿನವೇ ಗುಂಪು ನ್ಯಾಯ ತೀರಿಸಿದ್ದರೆ? ಯೋಚಿಸಿ.

ವಿನಯಪಿಟಕದಲ್ಲೂ ಇದೇ ನೀತಿ. ಭಿಕ್ಖುವಿನ ಮೇಲೆ ದೂರು ಬಂದರೆ ಅವನ ಸಮ್ಮುಖದಲ್ಲೇ ವಿಚಾರಣೆ ಆಗಬೇಕು, ಇದಕ್ಕೆ ಸಮ್ಮುಖಾವಿನಯ ಎಂದು ಹೆಸರು. ದಬ್ಬ ಮಲ್ಲಪುತ್ತ ಎಂಬ ಭಿಕ್ಖುವಿನ ಮೇಲೆ ಸುಳ್ಳು ಆರೋಪ ಬಂದಾಗ ಸಂಘದ ನಡುವೆ ಅವನನ್ನೇ ಕೇಳಿದರು, ದೂರು ಹೂಡಿಸಿದವರನ್ನು ವಿಚಾರಿಸಿದರು, ಸತ್ಯ ಹೊರಬಂತು. 1949ರ ನವೆಂಬರ್ 25ರ ಭಾಷಣದಲ್ಲಿ ಬಾಬಾಸಾಹೇಬರು ಭಿಕ್ಖು ಸಂಘದ ಸಭಾನಿಯಮಗಳನ್ನು ಎಣಿಸುತ್ತಾ, ಒಮ್ಮೆ ತೀರ್ಮಾನವಾದದ್ದನ್ನು ಮತ್ತೆ ಕೆದಕಬಾರದೆಂಬ ನ್ಯಾಯಾಲಯದ ನಿಯಮವೂ ಅಲ್ಲಿತ್ತೆಂದು ನೆನಪಿಸಿದ್ದು ಸುಮ್ಮನೆ ಅಲ್ಲ.

*ಕಷ್ಟದ ಪ್ರಶ್ನೆ*

ಈಗ ನಮ್ಮ ಬಳಗದಲ್ಲಿ ಪದೇ ಪದೇ ಏಳುವ ಪ್ರಶ್ನೆ. ನಮ್ಮವರನ್ನು ಸುಟ್ಟವರಿಗೂ, ಹೊಡೆದವರಿಗೂ ಈ ರಕ್ಷಣೆ ಯಾಕೆ? 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. ಆರೋಪಿಗಳೆಲ್ಲ ಬಿಡುಗಡೆಯಾದರು. ಆ ಹೆಸರು ಕೇಳಿದರೆ ನನಗೂ ಹೊಟ್ಟೆ ಉರಿಯುತ್ತದೆ.

ಆದರೆ ಆ ಕೇಸು ಬಿದ್ದದ್ದು ಆರೋಪಿಗಳಿಗೆ ವಕೀಲರಿದ್ದರು ಎಂದಲ್ಲ. ಸಾಕ್ಷಿಗಳು ತಿರುಗಿಬಿದ್ದರು. ಅದೇ ಊರಲ್ಲಿ ಬದುಕಬೇಕಾದ ಬಡವನ ಬೆನ್ನಿಗೆ ಯಾರೂ ಇಲ್ಲದಿದ್ದರೆ ಅವನು ಎಷ್ಟು ವರ್ಷ ಗಟ್ಟಿಯಾಗಿ ನಿಂತಾನು? ಅದಕ್ಕೆ ಮದ್ದು ಆರೋಪಿಯ ಹಕ್ಕು ಕಡಿಯುವುದಲ್ಲ, ಸಾಕ್ಷಿಗೆ ಬಲ ಕೊಡುವುದು. ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿ 26ರಿಂದ ಒಂದು ಹೊಸ ಕಲಂ ಸೇರಿ ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆ ಕೊಟ್ಟಿದೆ. ಅದರ ಸಂಖ್ಯೆ 15-ಎ. ಆರೋಪಿಗಾಗಿ ಬಾಬಾಸಾಹೇಬರು ತಂದ ಕರಡು ವಿಧಿಯ ಸಂಖ್ಯೆಯೂ 15-ಎ. ಇದು ಕಾಕತಾಳೀಯವೇ. ಆದರೆ ನಾನು ಎರಡನ್ನೂ ಒಂದೇ ತಕ್ಕಡಿಯ ಎರಡು ತಟ್ಟೆಗಳೆಂದು ನೆನಪಿಟ್ಟುಕೊಂಡಿದ್ದೇನೆ.

ಮರಕುಂಬಿಯ 2014ರ ಹಿಂಸೆಗೆ 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅಲ್ಲೂ ಆರೋಪಿಗಳಿಗೆ ವಕೀಲರಿದ್ದರು, ಮೇಲಿನ ಕೋರ್ಟಿಗೆ ಹೋಗುವ ಹಕ್ಕೂ ಇದೆ. ಎಲ್ಲ ವಾದ ಕೇಳಿ ಬಂದ ತೀರ್ಪನ್ನು ಯಾರೂ ಹಗೆ ತೀರಿಸಿಕೊಂಡದ್ದು ಎನ್ನಲಾರರು.

ಇನ್ನೊಂದು ಮಾತು. ಈ ರಕ್ಷಣೆ ಇಲ್ಲದಿದ್ದರೆ ಮೊದಲು ಸಾಯುವವರು ಯಾರು? ಹಣವಿದ್ದವನಿಗೆ ಫೋನ್ ಮಾಡಲು ಜನ ಇದ್ದಾರೆ. ನಾನು ಕಲಿಸಿದ ಹುಡುಗನೊಬ್ಬನನ್ನು ಮೊಬೈಲ್ ಕಳವಿನ ಅನುಮಾನದಲ್ಲಿ ಒಂದು ಠಾಣೆಗೆ ಕರೆದೊಯ್ದು ಎರಡು ರಾತ್ರಿ ಕೂಡಿಸಿದ್ದರು. ಅವನ ಅವ್ವ ರೊಟ್ಟಿ ಕಟ್ಟಿಕೊಂಡು ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಸಾಹೇಬರು ಯಾವಾಗ ಬಿಡ್ತಾರೋ ಅಂತ ಕಾಯುವುದಷ್ಟೇ ಅವಳಿಗೆ ಗೊತ್ತಿತ್ತು. 24 ಗಂಟೆ ಎಂಬ ಮಾತು ಆ ತಾಯಿಯ ಕಿವಿಗೆ ಎಂದೂ ಬಿದ್ದಿರಲಿಲ್ಲ. ಆಮೇಲೆ ಕಳೆದ ಮೊಬೈಲು ಮಾಲೀಕನ ಮನೆಯಲ್ಲೇ ಸಿಕ್ಕಿತು. ಹುಡುಗ ಮತ್ತೆ ಶಾಲೆಯ ಕಡೆ ಬರಲಿಲ್ಲ, ದುಡಿಯಲು ಹೈದರಾಬಾದಿಗೆ ಹೋದ. ಬಾಬಾಸಾಹೇಬರು ಬರೆದದ್ದು ಆ ತಾಯಿಗಾಗಿ. ಅದು ಅವಳಿಗೆ ತಲುಪಿಲ್ಲ. ತಲುಪಿಸುವ ಕೆಲಸ ನಮ್ಮದು.

*ಕೊನೆಯ ವರ್ಷ*

1951ರಲ್ಲಿ ಬಾಬಾಸಾಹೇಬರು ಮಂತ್ರಿ ಪದವಿ ಬಿಟ್ಟರು. ಮೈಯಲ್ಲಿ ಸಕ್ಕರೆ ಕಾಯಿಲೆ, ಕಾಲುನೋವು, ಮಂದವಾದ ಕಣ್ಣು. ಆದರೂ ಬರೆಯುವುದು ನಿಲ್ಲಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಧಮ್ಮ ಸ್ವೀಕರಿಸಿದರು. ಅದಾದ 18 ದಿನಕ್ಕೆ, ನವೆಂಬರ್ 1ರಂದು, ನಮ್ಮ ಬೀದರ ಜಿಲ್ಲೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಡಿಸೆಂಬರ್ 6ರಂದು ಅವರು ಮಹಾಪರಿನಿರ್ವಾಣ ಹೊಂದಿದರು. ನಮ್ಮ ಹಿರಿಯರಿಗೆ ಒಂದೇ ಚಳಿಗಾಲದಲ್ಲಿ ಹೊಸ ಧಮ್ಮ, ಹೊಸ ರಾಜ್ಯ, ದೊಡ್ಡ ಅಗಲಿಕೆ.

*ಇಂದಿನ ಆಚರಣೆ*

ನಾಲ್ಕನೇ ಶೀಲ ಸುಳ್ಳಾಡದಿರುವುದು. ಸಾಬೀತಾಗದ್ದನ್ನು ಸಾಬೀತಾದಂತೆ ಹೇಳುವುದೂ ಸುಳ್ಳೇ. ಯಾರದೋ ಫೋಟೋ ಹಾಕಿ ಇವನೇ ಕಳ್ಳ, ಇವನೇ ಕೊಲೆಗಾರ ಎಂದು ಬರುವ ಮೆಸೇಜನ್ನು ಇಂದಿನಿಂದ ಮುಂದಕ್ಕೆ ಕಳಿಸದಿರೋಣ. ಆ ಫೋಟೋ ನಮ್ಮವನದಾಗಿರಲಿ, ನಮ್ಮನ್ನು ದ್ವೇಷಿಸುವವನದಾಗಿರಲಿ.

ಇನ್ನೊಂದು ಕೆಲಸ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ, ಮಕ್ಕಳಿಗೆ, ಬಂಧನದಲ್ಲಿರುವ ಯಾರಿಗೇ ಆಗಲಿ ಸರ್ಕಾರವೇ ಉಚಿತವಾಗಿ ವಕೀಲರನ್ನು ಕೊಡಬೇಕು ಎಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ, ಬೀದರಿನ ಜಿಲ್ಲಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು. ಫೋನ್ ಮಾಡಲು 15100. ಈ ಭಾನುವಾರ ವಂದನೆ ಮುಗಿದ ಮೇಲೆ ಈ ಸಂಖ್ಯೆಯನ್ನೂ, 24 ಗಂಟೆ ಎಂಬ ಮಾತನ್ನೂ ವಿಹಾರದ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಯೋಣ. ಓದಲು ಬಾರದ ಅವ್ವಂದಿರಿಗೆ ಮಕ್ಕಳು ಬಾಯಿಪಾಠ ಮಾಡಿಸಲಿ.

ಓದಿ, ಮನೆಯವರಿಗೂ ಓದಿ ಹೇಳಿ.

ನಮೋ ಬುದ್ಧಾಯ. ಜೈ ಭೀಮ್. ಜೈ ಸಂವಿಧಾನ. 🙏